ಬಿಲ್ಲು ಹಗುರ ಇರಲಿ, ಬಾಣ ಭಾರ ಇರಲಿ

ಮೊದಲ ಸಲ ಬಿಲ್ಲು ಕೊಳ್ಳುವವರು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ. ತಮ್ಮ ತೋಳಿಗೆ ಮೀರಿದ ಬಿಲ್ಲು ತರಿಸುತ್ತಾರೆ. ಅದಕ್ಕೆ ಸಿಕ್ಕಿದ್ದರಲ್ಲೇ ಹಗುರವಾದ ಬಾಣ ಹಾಕುತ್ತಾರೆ. ಬಿಲ್ಲು ಬಿಗಿ ಇದ್ದಷ್ಟೂ ಬಲ, ಬಾಣ ಹಗುರ ಇದ್ದಷ್ಟೂ ವೇಗ, ಇದು ಅವರ ಲೆಕ್ಕ. ನಾನು ಹೇಳುವುದು ಪೂರ್ತಿ ಉಲ್ಟಾ. ಬಿಲ್ಲು ಎಳೆಯಲು ಹಗುರದ್ದು ತಗೊಳ್ಳಿ, ಬಾಣ ತೂಕದಲ್ಲಿ ಭಾರದ್ದು ತಗೊಳ್ಳಿ. ಮಿಕ್ಕ ದುಡ್ಡಲ್ಲಿ ಯಾರೂ ಫೋಟೋ ತೆಗೆಯದ ಸಣ್ಣಪುಟ್ಟ ಸಾಮಾನು ತಗೊಳ್ಳಿ.

ಈ ಮಾತು ಈಗ ಯಾಕೆ ಅಂದರೆ, ಸಾಗರದಲ್ಲಿರುವ ನನ್ನ ಅಕ್ಕನ ಮಗನಿಗೆ ಅಮೆರಿಕದ ಗೆಳೆಯನೊಬ್ಬ ಬೇಟೆ ಬಿಲ್ಲು ತಂದುಕೊಟ್ಟಿದ್ದಾನೆ. ಬಿಲ್ಲು ಬಂತು, ಬಾಣ ಬರಲಿಲ್ಲ. ಹಾಗಾಗಿ ದಿನಾ ರಾತ್ರಿ ನನಗೆ ವಾಟ್ಸಾಪ್. ಕೆಲಸದ ಮೇಲೆ ಕೆಲವು ವರ್ಷ ಪೆನ್ಸಿಲ್ವೇನಿಯಾದಲ್ಲಿದ್ದಾಗ ನನಗೆ ಈ ಹುಚ್ಚು ಹತ್ತಿತ್ತು. ಅಲ್ಲಿ ಊರಿಗೊಂದು ಬಿಲ್ಲಿನ ಅಂಗಡಿ ಇರುತ್ತದೆ. ಅಂಗಡಿಯವನು ನಿಮ್ಮ ತೋಳು ಅಳೆದು, ಬಾಣ ಕತ್ತರಿಸಿ, ಹಿಂದಿನ ಗೋಡೆಗೆ ನಾಲ್ಕು ಬಾಣ ಬಿಡಿಸಿ ನೋಡಿ ಕಳಿಸುತ್ತಾನೆ. ಶಿವಮೊಗ್ಗದ ನೆಹರೂ ರಸ್ತೆಯಲ್ಲಿ ಕ್ರಿಕೆಟ್ ಬ್ಯಾಟು ಸಿಕ್ಕಷ್ಟು ಸುಲಭವಾಗಿ ಇದೆಲ್ಲ ಸಿಗುವುದಿಲ್ಲ. ಇಲ್ಲಿ ಎಲ್ಲವೂ ಕೊರಿಯರ್‌ನಲ್ಲಿ ಬರಬೇಕು. ಕೊರಿಯರ್‌ನವನು ತೋಳು ಅಳೆಯುವುದಿಲ್ಲ. ಆದ್ದರಿಂದ ಆರ್ಡರ್ ಮಾಡುವ ಮುಂಚೆಯೇ ಲೆಕ್ಕ ಸರಿ ಇರಬೇಕು.

ಮೊದಲು ಬೇಟೆಯ ಮಾತು ಮುಗಿಸಿಬಿಡೋಣ. ಬೇಟೆ ಬಿಲ್ಲು ಅಂತ ಹೆಸರು ಕೇಳಿದ ಕೂಡಲೇ ಪಕ್ಕದ ಮನೆಯವರು "ಗದ್ದೆಗೆ ಹಂದಿ ಬರ್ತದೆ, ಒಂದು ಬಿಟ್ಟು ನೋಡಿ ಮಾರಾಯ್ರೆ" ಅನ್ನುತ್ತಾರೆ. ಅವರ ಸಂಕಟ ಸುಳ್ಳಲ್ಲ. ಭತ್ತ ತೆನೆಗೆ ಬಂದ ಗದ್ದೆಯಲ್ಲಿ ಹಂದಿ ಒಂದು ರಾತ್ರಿ ಹೊರಳಾಡಿದರೆ ಉಳಿಯುವುದು ಏನೂ ಇಲ್ಲ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಬರೀ ಕೊಲ್ಲುವುದಲ್ಲ. ಗಾಯ ಮಾಡುವುದು, ಹಿಡಿಯುವುದು, ಉರುಳು ಹಾಕುವುದು, ಅಟ್ಟಿಕೊಂಡು ಹೋಗುವುದು, ಇದಕ್ಕೆಲ್ಲ ಪ್ರಯತ್ನ ಪಡುವುದು ಎಲ್ಲವೂ ಬೇಟೆಯೇ. ಕಾಯ್ದೆಯ ಮೊದಲ ಪಟ್ಟಿಯ, ಅಂದರೆ ಹೆಚ್ಚಿನ ರಕ್ಷಣೆಯ ಪ್ರಾಣಿಯಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬಂದಿರುವುದಿಲ್ಲ. ಅದೇ ಕಾಯ್ದೆ ಆಯುಧ ಅಂದರೆ ಏನು ಅಂತ ಹೇಳುವಾಗ ಬಿಲ್ಲು ಬಾಣವನ್ನು ಹೆಸರು ಹಿಡಿದು ಸೇರಿಸಿದೆ. ಅನುಮತಿ ಇಲ್ಲದೆ ಆಯುಧ ಹಿಡಿದು ಅಭಯಾರಣ್ಯದೊಳಗೆ ಕಾಲಿಡುವಂತಿಲ್ಲ. ಶಿವಮೊಗ್ಗದ ಪಕ್ಕದಲ್ಲೇ ಶೆಟ್ಟಿಹಳ್ಳಿ ಅಭಯಾರಣ್ಯ, ಸಾಗರದ ಆಚೆ ಶರಾವತಿ ಕಣಿವೆ. ನಮ್ಮ ಕಡೆ ಕಾರು ಎತ್ತ ತಿರುಗಿಸಿದರೂ ಕಾಡು. ಬಿಲ್ಲನ್ನು ಡಿಕ್ಕಿಯಲ್ಲಿಟ್ಟುಕೊಂಡು ಸುಮ್ನೆ ಸುತ್ತಾಡಲು ಹೋಗಬೇಡ ಅಂತ ಅಕ್ಕನ ಮಗನಿಗೆ ಮೊದಲ ದಿನವೇ ಹೇಳಿದೆ.

ಅವನು ಕೇಳಿದ, "ಹಾಗಾದ್ರೆ ಇಲ್ಲಿ ಬೇಟೆ ಬಿಲ್ಲು ಯಾಕೆ ಮಾವ?"

ಒಳ್ಳೆಯ ಪ್ರಶ್ನೆ. ಬೇಟೆ ಬಿಲ್ಲು ಅಂದರೆ ಒಂದು ಬಗೆಯ ಕಟ್ಟು, ಅಷ್ಟೇ. ಒಲಿಂಪಿಕ್ಸ್‌ನಲ್ಲಿ ನೋಡುವ ರಿಕರ್ವ್, ಅಂದರೆ ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು, 66ರಿಂದ 70 ಇಂಚು ಉದ್ದ ಇರುತ್ತದೆ. ಅದಕ್ಕೆ ಗುರಿಕಂಬಿ, ಮುಂದಕ್ಕೆ ಚಾಚಿದ ಕೋಲು, ಪೂರ್ತಿ ಎಳೆದಾಗ ಟಿಕ್ ಅನ್ನುವ ಕ್ಲಿಕ್ಕರ್ ಎಲ್ಲ ಬೇಕು. ಬೇಟೆ ರಿಕರ್ವ್ ಹೆಚ್ಚಾಗಿ 58ರಿಂದ 62 ಇಂಚು. ಏನೂ ಸಿಕ್ಕಿಸಿರುವುದಿಲ್ಲ. ಪೊದೆಯೊಳಗೆ ಹಿಡಿದು ನಡೆಯುವುದಕ್ಕೆ, ಶಬ್ದ ಮಾಡದೆ ಬಿಡುವುದಕ್ಕೆ ಮಾಡಿದ್ದು. ಇವೇ ಗುಣ ಮನೆಯ ಅಂಗಳಕ್ಕೂ ಹೊಂದುತ್ತವೆ. ಜಾಗ ಕಡಿಮೆ, ಸಾಮಾನು ಕಡಿಮೆ, ಬಿಚ್ಚಿ ಚೀಲಕ್ಕೆ ಹಾಕಿದರೆ ಬಸ್ಸಿನಲ್ಲೂ ತರಬಹುದು. ಹುಲ್ಲಿನ ಹೊರೆಗೆ ಬಾಣ ಬಿಡುವವನಿಗೆ ಇಷ್ಟು ಸಾಕಲ್ವಾ?

ಕಾಂಪೌಂಡ್ ಬಿಲ್ಲಿನ ಬಗ್ಗೆ ಬೇಗ ಹೇಳಿ ಮುಂದೆ ಹೋಗುತ್ತೇನೆ. ಅಮೆರಿಕದಲ್ಲಿ ಇವತ್ತು ಬಿಲ್ಲಿನ ಬೇಟೆಗಾರರು ಹೆಚ್ಚಾಗಿ ಹಿಡಿಯುವುದು ಅದನ್ನೇ. ಮಿಸೌರಿಯ ಹೊಲೆಸ್ ವಿಲ್ಬರ್ ಆಲೆನ್ ಎಂಬಾತ ಬಿಲ್ಲಿನ ತುದಿಗೆ ಚಕ್ರ ಕೂರಿಸಿ 1969ರಲ್ಲಿ ಪೇಟೆಂಟ್ ಪಡೆದ. ಪೂರ್ತಿ ಎಳೆದ ಮೇಲೆ ಭಾರ ಇಳಿದುಬಿಡುವುದು ಅದರ ಚಮತ್ಕಾರ. 60 ಪೌಂಡಿನ ಬಿಲ್ಲು, ಅಂದರೆ ಎಳೆಯಲು ಅಷ್ಟು ಬಲ ಬೇಕಾದದ್ದು, 80 ಶೇಕಡಾ ಇಳಿದರೆ ಕೈಯಲ್ಲಿ ಉಳಿಯುವುದು 12 ಪೌಂಡು ಮಾತ್ರ. ಆದರೆ ಹೆದೆ ಬದಲಾಯಿಸಬೇಕಾದರೆ ಹೆಚ್ಚಿನ ಕಾಂಪೌಂಡ್‌ಗಳಿಗೆ ಪ್ರೆಸ್ ಎಂಬ ಯಂತ್ರ ಬೇಕು. ಅದು ಗೊತ್ತಿದ್ದವರೂ ಬೇಕು. ಹತ್ತಿರದಲ್ಲಿ ರಿಪೇರಿ ಮಾಡುವವರಿಲ್ಲದ ಊರಿನಲ್ಲಿ ಮೊದಲ ಬಿಲ್ಲಾಗಿ ಅದನ್ನು ನಾನು ಹೇಳುವುದಿಲ್ಲ.

ಅಕ್ಕನ ಮಗನಿಗೆ ಬಂದಿದ್ದು 62 ಇಂಚಿನ ರಿಕರ್ವ್. ಮೂರು ಭಾಗವಾಗಿ ಬಿಚ್ಚುವಂಥದ್ದು. ನಡುವೆ ಮರದ ಹಿಡಿ, ಮೇಲೊಂದು ಕೆಳಗೊಂದು ಲಿಂಬ್, ಅಂದರೆ ಎಳೆದಾಗ ಬಾಗುವ ಭಾಗ. ಲಿಂಬ್ ಮೇಲೆ 40 ಪೌಂಡ್ ಅಂತ ಬರೆದಿದೆ. "ನಲವತ್ತು ಅಂದ್ರೆ ಮಕ್ಕಳ ಆಟಿಕೆ ಅಲ್ವಾ ಮಾವ? ಐವತ್ತರ ಲಿಂಬ್ ತರಿಸಲಾ?" ಅಂದ. ಜಿಮ್‌ಗೆ ಹೋಗುವ ಹುಡುಗ. ಆದರೆ ಬಿಲ್ಲು ಎಳೆಯುವುದು ಬೆನ್ನಿನ ಮೇಲ್ಭಾಗದ ಸ್ನಾಯುಗಳಿಂದ. ಜಿಮ್‌ನಲ್ಲಿ ಕನ್ನಡಿಗೆ ಕಾಣುವ ಸ್ನಾಯುಗಳಿಂದಲ್ಲ. ಒಂದು ಸಲ ಎಳೆಯುವುದು ದೊಡ್ಡದಲ್ಲ. ಎಳೆದು, ಕೆನ್ನೆಯ ಹತ್ತಿರ ತಂದು, ಅಲುಗದೆ ನಿಂತು, ಗುರಿ ನೋಡಿ, ಆಮೇಲೆ ಬಿಡಬೇಕು. ಮತ್ತೆ ಎಳೆಯಬೇಕು, ಸಂಜೆಯೆಲ್ಲ. ಭಾರ ಜಾಸ್ತಿಯಾದವನು ಕೈ ಕೆನ್ನೆಗೆ ಬರುವ ಮುಂಚೆಯೇ ಬಿಟ್ಟುಬಿಡುತ್ತಾನೆ. ಆ ಚಾಳಿ ಒಮ್ಮೆ ಅಂಟಿಕೊಂಡರೆ ಆಮೇಲೆ 20 ಪೌಂಡಿನ ಬಿಲ್ಲು ಕೊಟ್ಟರೂ ಹೋಗುವುದಿಲ್ಲ.

ಅಮೆರಿಕದಲ್ಲೇ ಎಷ್ಟೋ ರಾಜ್ಯಗಳು ಜಿಂಕೆ ಬೇಟೆಗೆ ಕೇಳುವುದು ಕನಿಷ್ಠ 35 ಅಥವಾ 40 ಪೌಂಡ್. ಅಂದರೆ ಅಷ್ಟು ದೊಡ್ಡ ಜೀವಕ್ಕೇ ಅಷ್ಟು ಸಾಕು. ನಮ್ಮ ಹುಲ್ಲಿನ ಹೊರೆಗೆ 25, 30 ಪೌಂಡ್ ಧಾರಾಳ. ಅವನ ಬಿಲ್ಲಿಗೆ 30ರ ಲಿಂಬ್ ಜೋಡಿ ಬೇರೆ ತರಿಸು ಅಂದೆ. ಮುಖ ಸಣ್ಣ ಮಾಡಿಕೊಂಡ. ಕೊನೆಗೆ ಇರುವ 40ರಲ್ಲೇ ಕಲಿಯುತ್ತೇನೆ, 50 ಕೇಳುವುದಿಲ್ಲ ಅಂತ ರಾಜಿಯಾಯಿತು.

ಅದೃಷ್ಟಕ್ಕೆ ಅವನಿಗೆ 40 ನಿಜವಾಗಿ 40 ಆಗುವುದಿಲ್ಲ. ಲಿಂಬ್ ಮೇಲಿನ ಅಂಕಿ 28 ಇಂಚು ಎಳೆದಾಗಿನದು. ಎಲ್ಲರ ಕೈಯೂ ಅಷ್ಟು ಉದ್ದ ಇರುವುದಿಲ್ಲ. ಗೋಡೆಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಲ್ಲಿ. ಒಂದು ನಡುಬೆರಳಿನ ತುದಿಯಿಂದ ಇನ್ನೊಂದರ ತುದಿಗೆ ಅಳೆಯಿರಿ. ಅದನ್ನು 2.5ರಿಂದ ಭಾಗಿಸಿ. ಸರಿಸುಮಾರು ಅದೇ ನಿಮ್ಮ ಎಳೆತದ ಉದ್ದ. ಅವನದು 165 ಸೆಂ.ಮೀ. ಬಂತು. ಭಾಗಿಸಿದರೆ 66 ಸೆಂ.ಮೀ., ಅಂದರೆ 26 ಇಂಚು. ರಿಕರ್ವ್‌ನಲ್ಲಿ ಒಂದು ಇಂಚಿಗೆ ಎರಡು, ಎರಡೂವರೆ ಪೌಂಡ್ ಹೆಚ್ಚುಕಡಿಮೆ ಆಗುತ್ತದೆ. ಎರಡು ಇಂಚು ಕಡಿಮೆ ಎಳೆದರೆ ಅವನ ಬೆರಳಿಗೆ ಸಿಗುವ ಭಾರ 35ರ ಆಸುಪಾಸು. ಬಾಣದ ಲೆಕ್ಕ ಹಾಕಬೇಕಾದ್ದು ಈ 35ಕ್ಕೆ, ಲಿಂಬ್ ಮೇಲೆ ಬರೆದ 40ಕ್ಕಲ್ಲ.

ಈಗ ಬಾಣ. ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆ ಮ್ಯೂಸಿಯಮ್ಮಿನಲ್ಲಿ ವೀರಗಲ್ಲುಗಳನ್ನು ಇಟ್ಟಿದ್ದಾರೆ. ಸೊರಬ, ಶಿಕಾರಿಪುರ, ಬಳ್ಳಿಗಾವಿ ಕಡೆ ಹೋದರೆ ಇನ್ನೂ ರಾಶಿ ಸಿಗುತ್ತವೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದುಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಕಾಳಗದ ಪಟ್ಟಿಯಲ್ಲಿ ಬಿಲ್ಲುಗಾರರು ಕಂಡರೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಬಿಲ್ಲು ಆಳಿನಷ್ಟೇ ಎದ್ದು ಕಾಣುತ್ತದೆ. ಬಾಣ ಒಂದು ಗೆರೆ. ಶಿಲ್ಪಿಯ ತಪ್ಪಲ್ಲ, ಕಲ್ಲಿನಲ್ಲಿ ಅಷ್ಟೇ ಆಗುವುದು. ಆದರೆ ಆ ಬಾಣದ ಕಡ್ಡಿಯನ್ನು ಯಾರೋ ಕುಳಿತು ಬೆಂಕಿಗೆ ಹಿಡಿದು ನೇರ ಮಾಡಿದ್ದಾರೆ, ಗರಿ ಕಟ್ಟಿದ್ದಾರೆ, ಒಂದರಂತೆ ಇನ್ನೊಂದು ಬರುವ ಹಾಗೆ ಆರಿಸಿದ್ದಾರೆ. ಬಿಲ್ಲು ಒಂದು ಮಾಡಿದರೆ ವರ್ಷಗಟ್ಟಲೆ. ಬಾಣದ ಕೆಲಸ ಮುಗಿಯುವುದೇ ಇಲ್ಲ.

ಬಾಣದಲ್ಲಿ ಮೊದಲು ನೋಡಬೇಕಾದದ್ದು ತೂಕ. ಇದನ್ನು ಗ್ರೇನ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಗ್ರಾಂಗೆ ಸುಮಾರು 15.4 ಗ್ರೇನ್. ಬಿಲ್ಲಿನ ಒಂದೊಂದು ಪೌಂಡಿಗೆ ಎಷ್ಟು ಗ್ರೇನ್ ಬಾಣ ಅನ್ನುವುದೇ ಅಳತೆ. ಕಾಂಪೌಂಡ್‌ನವರು 5 ಗ್ರೇನ್‌ಗಿಂತ ಕೆಳಗೆ ಇಳಿಯಬೇಡಿ ಅನ್ನುತ್ತಾರೆ. ಅದು ತಳದ ಮಿತಿ. ರಿಕರ್ವ್, ಲಾಂಗ್‌ಬೋ ಎಂಬ ಹಳೆ ಕಾಲದ ಉದ್ದ ಬಿಲ್ಲು ಬಿಡುವವರಿಗೆ 8ರಿಂದ 10 ಗ್ರೇನ್ ಒಳ್ಳೆಯ ಜಾಗ. ನಾನಾದರೆ 10ರ ಕಡೆಗೇ ವಾಲುತ್ತೇನೆ.

ಕಾರಣ ಹೀಗೆ. ಎಳೆದ ಬಿಲ್ಲಿನಲ್ಲಿ ಕೂಡಿಟ್ಟ ಶಕ್ತಿ ಬಾಣಕ್ಕೆ ಹೋಗಬೇಕು. ಬಾಣ ತೀರ ಹಗುರವಾದರೆ ಪೂರ್ತಿ ಹೋಗುವುದಿಲ್ಲ. ಉಳಿದದ್ದು ಲಿಂಬ್‌ನಲ್ಲಿ, ಹೆದೆಯಲ್ಲಿ, ನಿಮ್ಮ ಕೈಯಲ್ಲಿ ನಡುಗುತ್ತದೆ. ಗಾಳಿಗೆ ಕತ್ತಿ ಬೀಸಿದರೆ ಭುಜಕ್ಕೆ ಹೇಗೆ ಎಳೆತ ಬರುತ್ತದೋ ಹಾಗೆ. ಬಿಲ್ಲು ಟಪ್ ಅಂತ ಸದ್ದು ಮಾಡುತ್ತದೆ, ಬೇಗ ಹಾಳಾಗುತ್ತದೆ. ಬಾಣವೇ ಇಲ್ಲದೆ ಎಳೆದು ಬಿಟ್ಟರಂತೂ ಲಿಂಬ್ ಸೀಳಿಯೇ ಹೋಗಬಹುದು. ಭಾರದ ಬಾಣ ಶಕ್ತಿಯನ್ನು ಜಾಸ್ತಿ ಹೊತ್ತುಕೊಂಡು ಹೋಗುತ್ತದೆ. ಬಿಲ್ಲು ಸುಮ್ಮನಾಗುತ್ತದೆ. ಬೇಟೆಗಾರರಿಗೆ ಈ ಸುಮ್ಮನಿರುವಿಕೆಯೇ ಮುಖ್ಯ. ಇಂಥ ರಿಕರ್ವ್‌ನಿಂದ ಬಾಣ ಸೆಕೆಂಡಿಗೆ 160 ಅಡಿ ಹೋಗುತ್ತದೆ ಅಂತಿಟ್ಟುಕೊಳ್ಳಿ. 20 ಗಜ, ಅಂದರೆ 60 ಅಡಿ ತಲುಪಲು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ಶಬ್ದ ಸೆಕೆಂಡಿಗೆ 1,100 ಅಡಿ ಮೀರಿ ಹೋಗುತ್ತದೆ. ಬಾಣಕ್ಕಿಂತ ಎಷ್ಟೋ ಮುಂಚೆ ಹೆದೆಯ ಸದ್ದು ಜಿಂಕೆಯ ಕಿವಿಗೆ ಬಿದ್ದು, ಅದು ಕುಸಿದು ಹಾರಿರುತ್ತದೆ. ಹತ್ತಿಪ್ಪತ್ತು ಅಡಿ ವೇಗ ಹೆಚ್ಚಿಸಿದರೆ ಶಬ್ದವನ್ನು ಮೀರಿಸಲು ಆಗುವುದಿಲ್ಲ. ಸದ್ದನ್ನೇ ಕಡಿಮೆ ಮಾಡಬೇಕು. ಅಂಗಳದಲ್ಲಿ ಕಲಿಯುವವನಿಗೆ ಜಿಂಕೆ ಇಲ್ಲ. ಆದರೂ ನಡುಗದ ಬಿಲ್ಲು ಹಿಡಿಯುವುದು ಎಷ್ಟು ಹಿತ ಅಂತ ಮೊದಲ ಬಾಣದಲ್ಲೇ ಗೊತ್ತಾಗುತ್ತದೆ.

ಎರಡನೆಯದು ಗಡಸುತನ. ಇಂಗ್ಲಿಷಿನವರು ಸ್ಪೈನ್ ಅನ್ನುತ್ತಾರೆ, ನಾವೂ ಹಾಗೇ ಅನ್ನೋಣ. 28 ಇಂಚು ದೂರದ ಎರಡು ಆಧಾರದ ಮೇಲೆ ಬಾಣದ ಕಡ್ಡಿ ಮಲಗಿಸಿ, ನಡುವೆ 1.94 ಪೌಂಡ್, ಅಂದರೆ 880 ಗ್ರಾಂ ತೂಕ ತೂಗುಬಿಡುತ್ತಾರೆ. ಕಡ್ಡಿ ಅರ್ಧ ಇಂಚು ಬಗ್ಗಿದರೆ ಅದು 500 ಸ್ಪೈನ್. 0.6 ಇಂಚು ಬಗ್ಗಿದರೆ 600. ಅಂಕಿ ದೊಡ್ಡದಾದಷ್ಟೂ ಕಡ್ಡಿ ಮೆದು. ಇಲ್ಲಿ ತುಂಬಾ ಜನ ಎಡವುತ್ತಾರೆ. 300 ಕಡಿಮೆ, 600 ಜಾಸ್ತಿ ಅಂದುಕೊಂಡು ಮಗುವಿನ ಬಿಲ್ಲಿಗೆ 300 ಹಾಕುತ್ತಾರೆ.

ಬಗ್ಗುವ ಬಾಣ ಯಾಕೆ ಬೇಕು? ಹೆದೆ ಬಿಟ್ಟ ಕ್ಷಣ ಬಾಣದ ಎದುರಿಗೇ ಬಿಲ್ಲಿನ ಹಿಡಿ ಇರುತ್ತದೆ. ಬಾಣ ನೆಟ್ಟಗೆ ಹೋದರೆ ಅದಕ್ಕೆ ತಾಗಿ ಪಕ್ಕಕ್ಕೆ ಹಾರಬೇಕು. ಹಾಗಾಗುವುದಿಲ್ಲ. ಬೆರಳಿನಿಂದ ಜಾರುವ ಹೆದೆ ಬಾಣದ ಬಾಲವನ್ನು ಸ್ವಲ್ಪ ಪಕ್ಕಕ್ಕೆ ತಳ್ಳುತ್ತದೆ, ಕಡ್ಡಿ ಬಳುಕುತ್ತದೆ, ಬಳುಕಿಕೊಂಡೇ ಹಿಡಿಯನ್ನು ಸುತ್ತಿಹೋಗುತ್ತದೆ. ಆಮೇಲೆ ಗರಿ ಅದನ್ನು ನೆಟ್ಟಗೆ ಮಾಡುತ್ತದೆ. ಅಮೆರಿಕದ ಕ್ಲಾರೆನ್ಸ್ ಹಿಕ್‌ಮನ್ ಎಂಬ ವಿಜ್ಞಾನಿ ಕಳೆದ ಶತಮಾನದಲ್ಲಿ ಅತಿವೇಗದ ಕ್ಯಾಮೆರಾದಿಂದ ಈ ಬಳುಕಾಟ ಹಿಡಿದು ತೋರಿಸಿದ. ಈಗ ಯೂಟ್ಯೂಬ್‌ನಲ್ಲಿ ಬೇಕಾದಷ್ಟು ಸಿಗುತ್ತದೆ. ಒಮ್ಮೆ ನೋಡಿದರೆ ಸ್ಪೈನ್ ಅಂದರೆ ಏನು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಕ್ಕನ ಮಗನ 35 ಪೌಂಡ್ ಎಳೆತಕ್ಕೆ 600 ಅಥವಾ 700ರ ಕಡ್ಡಿ ಹೊಂದುತ್ತದೆ. ಕಂಪನಿಗಳ ಪಟ್ಟಿ ಒಂದು ಸುಳಿವು ಮಾತ್ರ. ಕಡ್ಡಿ ಉದ್ದ ಬಿಟ್ಟರೆ ಮೆದುವಾದಂತೆ ನಡೆದುಕೊಳ್ಳುತ್ತದೆ, ಕತ್ತರಿಸಿದರೆ ಗಡಸಾಗುತ್ತದೆ. ಮೊನೆ ಭಾರ ಮಾಡಿದರೆ ಮತ್ತೆ ಮೆದು. ಆದ್ದರಿಂದ ಮೊದಲೇ ಗಿಡ್ಡ ಮಾಡಿ ತರಿಸಬೇಡಿ. ಎಳೆತದ ಉದ್ದಕ್ಕಿಂತ ಎರಡು ಮೂರು ಇಂಚು ಜಾಸ್ತಿಯೇ ಇರಲಿ. ಹೊಸಬರ ಎಳೆತ ತಿಂಗಳು ಕಳೆದಂತೆ ಉದ್ದವಾಗುತ್ತದೆ, ಬೆನ್ನು ಕೆಲಸ ಮಾಡಲು ಕಲಿಯುತ್ತದೆ. ಮೊದಲೇ ಗಿಡ್ಡ ಮಾಡಿದ ಬಾಣದ ಮೊನೆ ಆಗ ಹಿಡಿಯ ಒಳಗೆ ಜಾರುತ್ತದೆ. ಅದು ಹಸ್ತದ ಹಿಂದೆ ಸಿಕ್ಕಿಕೊಂಡರೆ ಆಗುವ ಗಾಯವನ್ನು ನಾನು ಇಲ್ಲಿ ಬಣ್ಣಿಸುವುದಿಲ್ಲ.

ತೂಕ ಕೂಡಿಸಿ ನೋಡೋಣ. 600ರ ಕಾರ್ಬನ್ ಕಡ್ಡಿ ಇಂಚಿಗೆ ಸುಮಾರು 7 ಗ್ರೇನ್ ಅಂತಿಟ್ಟುಕೊಳ್ಳಿ. 29 ಇಂಚಿಗೆ 203. ಮೊನೆ 125. ಮೊನೆ ತಿರುಗಿಸುವ ಒಳಬುಡ್ಡೆ 12ರಿಂದ 15, ನಾಕ್ (ಹೆದೆಗೆ ಕಚ್ಚುವ ಬಾಲದ ತುದಿ) ಮತ್ತು ಗರಿ ಸೇರಿ ಇನ್ನೊಂದು 18. ಒಟ್ಟು 360ರ ಹತ್ತಿರ. 35ರಿಂದ ಭಾಗಿಸಿದರೆ 10ಕ್ಕೆ ಸ್ವಲ್ಪ ಮೇಲೆ. ಬೇಕಾದ್ದು ಇದೇ. 23 ಗ್ರಾಂ ಬಾಣ. ಭಾರ ಅಂದರೆ ಇಷ್ಟೇ, ಮರದ ದಿಮ್ಮಿ ಅಲ್ಲ.

ಈ ತೂಕ ಮುಂದೆ ಇರಬೇಕು, ಹಿಂದೆ ಅಲ್ಲ. ಮೊನೆ ಹಾಕಿದ ಬಾಣವನ್ನು ಬೆರಳ ಮೇಲೆ ಸಮತೋಲ ಮಾಡಿ. ನಾಕ್‌ನ ಕಚ್ಚಿನಿಂದ ಆ ಜಾಗಕ್ಕೆ 18 ಇಂಚು ಬಂತು ಅನ್ನಿ. 29ರ ಅರ್ಧ 14.5. ವ್ಯತ್ಯಾಸ 3.5, ಅದು 29ರಲ್ಲಿ ಶೇಕಡಾ 12. ಬೇಟೆ ಬಾಣಕ್ಕೆ 10ರಿಂದ 15 ಶೇಕಡಾ ಒಳ್ಳೆಯದು ಅನ್ನುತ್ತಾರೆ. 125 ಗ್ರೇನ್ ಮೊನೆ ಹಾಕಿದರೆ ತಾನಾಗಿಯೇ ಅಷ್ಟಾದರೂ ಬರುತ್ತದೆ. ಈ ಶೇಕಡಾವನ್ನು 20, 25 ಮಾಡುತ್ತೇವೆ ಅಂತ ತಲೆ ಕೆಡಿಸಿಕೊಳ್ಳುವ ಪಂಗಡವೇ ಇದೆ. ಹೊಸಬರಿಗೆ ಅದು ಬೇಡ.

ಕಡ್ಡಿ ಯಾವುದರದ್ದು? ಮರದ ಬಾಣ ನೋಡಲು ಚಂದ, ವಾಸನೆಯೂ ಚಂದ. ಆದರೆ ನಮ್ಮ ಊರಿನ ಮಳೆಗಾಲದಲ್ಲಿ ಬೀರುವಿನೊಳಗಿನ ಚಪ್ಪಲಿಗೇ ಬೂಸ್ಟು ಬರುತ್ತದೆ, ಮರದ ಕಡ್ಡಿ ನೆಟ್ಟಗೆ ಉಳಿಯುತ್ತದಾ? ಅಲ್ಯೂಮಿನಿಯಂ ಒಳ್ಳೆಯದು. ಈಸ್ಟನ್ ಕಂಪನಿಯ ಡಗ್ ಈಸ್ಟನ್ 1939ರಲ್ಲಿ ಶುರು ಮಾಡಿದ್ದು ಇವತ್ತಿಗೂ ನಡೆಯುತ್ತಿದೆ. ಅದರ ಮೇಲಿನ ನಾಲ್ಕು ಅಂಕಿ ಓದುವುದು ಸುಲಭ. 2018 ಅಂದರೆ ದಪ್ಪ ಇಂಚಿನ 64ರಲ್ಲಿ 20 ಭಾಗ, ಕೊಳವೆಯ ಗೋಡೆ ಇಂಚಿನ ಸಾವಿರದಲ್ಲಿ 18 ಭಾಗ. ಭಾರವೂ ಇದೆ, ಒಂದರಂತೆ ಇನ್ನೊಂದೂ ಇರುತ್ತದೆ. ಆದರೆ ಗುರಿ ತಪ್ಪಿ ಜಂಬಿಟ್ಟಿಗೆ ಕಲ್ಲಿಗೆ ಬಡಿದರೆ ಡೊಂಕು. ಕಲಿಯುವಾಗ ಗುರಿ ತಪ್ಪುವುದೇ ಜಾಸ್ತಿ, ನಮ್ಮಲ್ಲಿ ಜಂಬಿಟ್ಟಿಗೆಯೂ ಜಾಸ್ತಿ.

ಹಾಗಾಗಿ ಕಾರ್ಬನ್. ಅದು ಬಗ್ಗಿ ಉಳಿಯುವುದಿಲ್ಲ. ಒಂದೋ ನೆಟ್ಟಗಿರುತ್ತದೆ, ಇಲ್ಲವೇ ಒಡೆಯುತ್ತದೆ. ಅಪಾಯ ಇರುವುದು ನಡುವೆ, ಕಣ್ಣಿಗೆ ಕಾಣದ ಕೂದಲೆಳೆ ಬಿರುಕಿನಲ್ಲಿ. ಆ ಬಾಣ ಹೆದೆ ಬಿಟ್ಟಾಗ ಸಿಡಿದರೆ ಕಡ್ಡಿಯ ಚೂರು ಬಿಲ್ಲು ಹಿಡಿದ ಕೈಗೇ ನಾಟುತ್ತದೆ. ಕಲ್ಲಿಗೋ ಮರಕ್ಕೋ ಬಡಿದ ಪ್ರತಿ ಬಾಣವನ್ನು ಎರಡು ಕೈಯಲ್ಲಿ ಹಿಡಿದು, ಮುಖದಿಂದ ದೂರ ಮೆಲ್ಲಗೆ ಬಗ್ಗಿಸಿ, ತಿರುಗಿಸಿ, ತಿರುಚಿ, ಕಿವಿಗೊಡಿ. ಚಟಪಟ ಅಂದರೆ ಅಲ್ಲೇ ಮುರಿದು ಬಿಸಾಡಿ. ಮುರಿಯದೆ ಮೂಲೆಗಿಟ್ಟರೆ ಇನ್ಯಾರೋ ಎತ್ತಿಕೊಂಡು ಬಿಡುತ್ತಾರೆ. ಕಾರ್ಬನ್ ಕಡ್ಡಿಯನ್ನು ಗರಗಸದಲ್ಲಿ ಕುಯ್ಯಬೇಡಿ, ತುದಿ ಎಳೆ ಎಳೆಯಾಗಿ ಸೀಳುತ್ತದೆ. ವೇಗವಾಗಿ ತಿರುಗುವ ಸಾಣೆಚಕ್ರ ಬೇಕು, ಮೂಗಿಗೆ ಮಾಸ್ಕ್ ಬೇಕು.

ಗರಿಯ ವಿಷಯಕ್ಕೆ ಬಂದರೆ ಮಲೆನಾಡಿನವರಿಗೆ ಬೇರೆಯದೇ ತಾಪತ್ರಯ. ರಿಕರ್ವ್ ಬಿಡುವವರ ಮೊದಲ ಆಯ್ಕೆ ಟರ್ಕಿ ಕೋಳಿಯ ಗರಿ. ನಾಲ್ಕು ಇಂಚಿನದು, ಮೂರು ಕಡೆ, ಸ್ವಲ್ಪ ಓರೆಯಾಗಿ ಅಂಟಿಸಿದ್ದು. ಬಿಲ್ಲಿನ ಮರದ ಮೆಟ್ಟಿಲ ಮೇಲೆ ನೇರ ಬಾಣ ಇಟ್ಟು ಬಿಟ್ಟರೂ ಗರಿ ಮಡಚಿಕೊಂಡು ದಾಟುತ್ತದೆ. ಗರಿಯ ಬದಲು ಅಂಟಿಸುವ ಪ್ಲಾಸ್ಟಿಕ್ ವೇನ್ ಮಡಚುವುದಿಲ್ಲ, ಮರಕ್ಕೆ ತಾಗಿ ಬಾಣವನ್ನು ಒದೆಯುತ್ತದೆ. ಪುಸ್ತಕದ ಪ್ರಕಾರ ಗರಿಯೇ ಸರಿ. ಆದರೆ ಗರಿ ನೆನೆದರೆ ಕಡ್ಡಿಗೆ ಅಂಟಿಕೊಂಡು ಮಲಗುತ್ತದೆ, ಬಾಣ ಬಾಲ ಅಲ್ಲಾಡಿಸಿಕೊಂಡು ಹೋಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ. ತೀರ್ಥಹಳ್ಳಿ, ಹೊಸನಗರದಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್ ತನಕ ಗರಿ ಒಣಗಿರುವುದು ಸುಳ್ಳು. ನೀರು ತಡೆಯುವ ಪುಡಿ ಸಿಗುತ್ತದೆ, ತುಂತುರಿಗೆ ಸರಿ. ನಮ್ಮ ಆಷಾಢಕ್ಕೆ ಸಾಕಾಗುವುದಿಲ್ಲ.

ಇದಕ್ಕೆ ಉಪಾಯ ಇದೆ. ಬಿಲ್ಲಿನ ಹಿಡಿಗೆ ಅಂಟಿಸುವ ಪುಟ್ಟ ಪ್ಲಾಸ್ಟಿಕ್ ರೆಸ್ಟ್ ಬರುತ್ತದೆ, ಅಗ್ಗದ್ದು. ಅದು ಬಾಣವನ್ನು ಮರದಿಂದ ಮೇಲೆತ್ತಿ ಹಿಡಿಯುತ್ತದೆ. ಆಗ ವೇನ್‌ಗೆ ತಾಗಲು ಏನೂ ಇರುವುದಿಲ್ಲ. ಹೀಗೆ ಮಾಡಿದರೆ ಮಳೆಗಾಲಕ್ಕೆ ವೇನ್ ಬಾಣ, ಬೇಸಿಗೆಗೆ ಗರಿ ಬಾಣ. ಅಕ್ಕನ ಮಗನಿಗೆ ಆರು ವೇನ್ ಬಾಣ ಮೊದಲು ತರಿಸು ಅಂದಿದ್ದೇನೆ. ಡಜನ್ ಬೇಡ. ಸ್ಪೈನ್ ಸರಿಯಾಗಿದೆ ಅಂತ ಖಾತ್ರಿಯಾದ ಮೇಲೆ ಮಿಕ್ಕಿದ್ದು. ಬಣ್ಣ ಮಾತ್ರ ಕಣ್ಣಿಗೆ ಹೊಡೆಯುವಂಥದ್ದು ಇರಲಿ. ಹಳದಿ, ಕೆಂಪು ಅಲ್ಲ. ಗುಲಾಬಿ ಅಥವಾ ಬಿಳಿ. ನಮ್ಮಲ್ಲಿ ನೆಲದ ತುಂಬ ದರಗು. ಹಣ್ಣಾದ ಎಲೆ ಹಳದಿ, ಮಣ್ಣು ಕೆಂಪು. ಗುರಿ ತಪ್ಪಿದ ಬಾಣ ದರಗಿನಡಿ ಹಾವಿನಂತೆ ನುಗ್ಗಿ ಮಲಗಿರುತ್ತದೆ. ಕಪ್ಪು ಕಡ್ಡಿಗೆ ಹಸಿರು ಗರಿ ಹಾಕಿಸಿದವರು ಸಂಜೆಯೆಲ್ಲ ಕೋಲು ಹಿಡಿದು ತಡಕುತ್ತಾರೆ.

ಸ್ಪೈನ್ ಸರಿಯಾಗಿದೆಯಾ ಅಂತ ನೋಡುವುದು ಹೇಗೆ? ಒಂದು ಬಾಣಕ್ಕೆ ಗರಿ ಅಂಟಿಸದೆ ಬೋಳಾಗಿ ಬಿಡಿ. ಹತ್ತಿರದಿಂದ ಮೊದಲು ಗರಿಯ ಬಾಣ ಕೆಲವು ಬಿಟ್ಟು, ಆಮೇಲೆ ಬೋಳು ಬಾಣ ಬಿಡಿ. ಬಲಗೈಯವರಿಗೆ ಬೋಳು ಬಾಣ ಮಿಕ್ಕವುಗಳ ಬಲಕ್ಕೆ ನಾಟಿದರೆ ಕಡ್ಡಿ ಮೆದು. ಎಡಕ್ಕೆ ನಾಟಿದರೆ ಗಡಸು. ಮೆದುವಾದರೆ ಸ್ವಲ್ಪ ಸ್ವಲ್ಪ ಕತ್ತರಿಸಬಹುದು, ಇಲ್ಲವೇ ಮೊನೆ ಹಗುರ ಮಾಡಬಹುದು. ಗಡಸಾದರೆ ಮೊನೆ ಭಾರ ಮಾಡಬೇಕು. ಆದರೆ ಇದನ್ನು ಮೊದಲ ವಾರದಲ್ಲೇ ಮಾಡಬೇಡಿ. ಕೈಯೇ ಒಂದು ಸಲ ಬಿಟ್ಟ ಹಾಗೆ ಇನ್ನೊಂದು ಸಲ ಬಿಡದಿರುವಾಗ ಬಾಣದ್ದೇನು ತಪ್ಪು?

ಮೊನೆ ಎಂದರೆ ನಮಗೆ ಫೀಲ್ಡ್ ಪಾಯಿಂಟ್ ಮಾತ್ರ. ಉಕ್ಕಿನ ಗುಂಡು ಮೊನೆ, ತಿರುಗಿಸಿ ಹಾಕುವಂಥದ್ದು. ಬೇಟೆ ಬಿಲ್ಲಿನ ಜೊತೆ ಬ್ರಾಡ್‌ಹೆಡ್ ಕೂಡ ಕಾರ್ಟ್‌ನಲ್ಲಿ ಬಂದು ಕೂರುತ್ತದೆ. ಎರಡು, ಮೂರು ಅಲಗಿನ ಚೂಪು ಮೊನೆ. ಅದು ಗುಂಡಿನ ಹಾಗೆ ಹೊಡೆತದಿಂದ ಕೊಲ್ಲುವುದಿಲ್ಲ. ಒಳಗೆ ಕುಯ್ದು, ರಕ್ತ ಹರಿಸಿ ಕೊಲ್ಲುತ್ತದೆ. ಅದಕ್ಕೇ ಅಮೆರಿಕದ ಒಳ್ಳೆಯ ಬೇಟೆಗಾರರು ರಿಕರ್ವ್‌ನಲ್ಲಿ 20 ಗಜಕ್ಕಿಂತ ಆಚೆ ಬಿಡಲು ಹಿಂಜರಿಯುತ್ತಾರೆ. ಅಲಗು ಕೂದಲು ಬೋಳಿಸುವಷ್ಟು ಚೂಪು ಇರದಿದ್ದರೆ, ಬಾಣ ಬೊಗಸೆಯಷ್ಟು ಜಾಗಕ್ಕೆ ಬೀಳದಿದ್ದರೆ, ಪ್ರಾಣಿ ಗಾಯಗೊಂಡು ಎಲ್ಲೋ ಹೋಗಿ ದಿನಗಟ್ಟಲೆ ನರಳುತ್ತದೆ. ಕಾನೂನು ಒಂದು ಕಡೆ ಇರಲಿ. ಹಂದಿಗೆ ಬಿಟ್ಟು ನೋಡಿ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಗಾಯದ ಹಂದಿ ಬೆಳಿಗ್ಗೆ ತೋಟಕ್ಕೆ ಹೋದ ಹೆಂಗಸರಿಗೆ ಎದುರಾದರೆ? ಹುಲ್ಲಿನ ಹೊರೆಗೆ ಬ್ರಾಡ್‌ಹೆಡ್ ಬಿಟ್ಟರೆ ಹೊರೆ ಹಾಳು, ಕೀಳುವಾಗ ಬೆರಳು ಹಾಳು. ತರಿಸಲೇ ಬೇಡಿ.

ಇನ್ನು ಸಣ್ಣಪುಟ್ಟ ಸಾಮಾನು. ಮುಂಗೈ ಪಟ್ಟಿ ಬೇಕೇ ಬೇಕು. ಮೊಣಕೈ ಒಳಕ್ಕೆ ತಿರುಗಿರುವ ಹೊಸಬರಿಗೆ ಹೆದೆ ಮುಂಗೈಗೆ ಬಾರಿಸದೆ ಬಿಡುವುದಿಲ್ಲ. ಒಮ್ಮೆ ಬಾರಿಸಿದರೆ ಮುಂದಿನ ಬಾಣಕ್ಕೆ ಕೈ ತಾನಾಗಿ ಹಿಂಜರಿಯುತ್ತದೆ. ಬೆರಳಿಗೆ ಚರ್ಮದ ಟ್ಯಾಬ್ ಬೇಕು. ಕೈಗವಸಿನಷ್ಟು ದಪ್ಪದ್ದು ಬೇಡ, ಹೆದೆ ಬೆರಳಿಗೆ ಗೊತ್ತಾಗಬೇಕು.

ಹೆದೆ ಏರಿಸುವ ಹಗ್ಗ, ಸ್ಟ್ರಿಂಗರ್ ಅನ್ನುತ್ತಾರೆ, ಅದಕ್ಕೆ ದುಡ್ಡು ಉಳಿಸಲು ಹೋಗಬೇಡಿ. ಕಾಲಿನ ನಡುವೆ ಬಿಲ್ಲು ಸಿಕ್ಕಿಸಿ ಬಗ್ಗಿಸುವ ವೀಡಿಯೊ ನೋಡಿ ಎಲ್ಲರೂ ಹಾಗೇ ಮಾಡುತ್ತಾರೆ. ಲಿಂಬ್ ತಿರುಚಿಹೋಗುತ್ತದೆ, ಜಾರಿದರೆ ಮುಖಕ್ಕೆ ಬರುತ್ತದೆ. ಹೆದೆ ಏರಿಸಿದ ಮೇಲೆ ಹೆದೆಗೂ ಹಿಡಿಗೂ ನಡುವಿನ ಅಂತರ ಅಳೆಯಿರಿ. 62 ಇಂಚಿನ ಇಂಥ ಬಿಲ್ಲಿಗೆ 7.5ರಿಂದ 8.25 ಇಂಚಿನ ನಡುವೆ ಎಲ್ಲೋ ಒಂದು ಕಡೆ ಬಿಲ್ಲು ಅತಿ ಕಡಿಮೆ ಸದ್ದು ಮಾಡುತ್ತದೆ. ಹೆದೆಗೆ ಕೆಲವು ಸುತ್ತು ಹುರಿ ಹಾಕಿದರೆ ಅಂತರ ಏರುತ್ತದೆ, ಬಿಚ್ಚಿದರೆ ಇಳಿಯುತ್ತದೆ. ಕಿವಿಯೇ ಅಳತೆಗೋಲು. ಬಾಣ ಕೂರುವ ಜಾಗದ ಗುರುತು ಹೆದೆಯ ಮೇಲೆ ಬಾಣ ಹೆದೆಗೆ ಲಂಬವಾಗಿ ನಿಲ್ಲುವ ಜಾಗಕ್ಕಿಂತ ಅರ್ಧ ಇಂಚು ಮೇಲೆ ಇಟ್ಟು ಶುರು ಮಾಡಿ. ಹಿತ್ತಾಳೆಯ ಉಂಗುರ ಬರುತ್ತದೆ, ಆದರೆ ಹೊಲಿಗೆಯ ದಾರ ಸುತ್ತಿ ಗಂಟು ಹಾಕಿದರೂ ನಡೆಯುತ್ತದೆ. ನಾಕ್ ಹೆದೆಗೆ ಸಣ್ಣಗೆ ಕಚ್ಚಬೇಕು. ಬಾಣ ಕೆಳಮುಖವಾಗಿ ತೂಗಿದಾಗ ಬೀಳಬಾರದು, ಹೆದೆಗೆ ಬೆರಳಲ್ಲಿ ತಟ್ಟಿದರೆ ಬೀಳಬೇಕು. ಹಳೆಯ ಬಿಲ್ಲಾದರೆ ಸ್ವಲ್ಪ ಹಿಗ್ಗುವ ಡೇಕ್ರಾನ್ ನೂಲಿನ ಹೆದೆಯೇ ಹಾಕಿ, ಹಿಗ್ಗದ ಹೊಸ ನೂಲು ಹಳೆಯ ಲಿಂಬ್‌ನ ತುದಿಯನ್ನು ಕತ್ತರಿಸಬಹುದು. ಮೇಣ ಹಚ್ಚುತ್ತಿರಿ.

ಬತ್ತಳಿಕೆ ಸೊಂಟದ್ದು ಸಾಕು. ಬೆನ್ನಿನದು ಸಿನಿಮಾಕ್ಕೆ ಚಂದ. ಬಿಲ್ಲಿಗೇ ಸಿಕ್ಕಿಸುವುದು ಬಿಲ್ಲನ್ನು ಭಾರ ಮಾಡುತ್ತದೆ. ಹೆದೆಗೆ ಕಟ್ಟುವ ಉಣ್ಣೆಯ ಉಂಡೆ, ಮರೆಮಾಚುವ ಬಣ್ಣದ ಚೀಲ, ದೂರ ಅಳೆಯುವ ಲೇಸರ್, ಇವೆಲ್ಲ ಬೇಡ.

ಆ ದುಡ್ಡನ್ನು ಗುರಿಗೆ ಹಾಕಿ. ಗೋಣಿಚೀಲದೊಳಗೆ ಹಳೆ ಬಟ್ಟೆ, ಪ್ಲಾಸ್ಟಿಕ್ ಹಾಳೆ ಒತ್ತಿ ತುಂಬಿ ಹೊಲಿದರೆ ಫೀಲ್ಡ್ ಪಾಯಿಂಟ್‌ಗೆ ಚೆನ್ನಾಗಿ ತಡೆಯುತ್ತದೆ, ಬಾಣವೂ ಸುಲಭವಾಗಿ ಕೀಳುತ್ತದೆ. ಬಟ್ಟೆಯ ಗುಂಡಿ, ಜಿಪ್ ಮೊದಲು ತೆಗೆಯಿರಿ. ಭತ್ತದ ಹುಲ್ಲಿನ ಹೊರೆಯೂ ಆಗುತ್ತದೆ, ಬಿಗಿಯಾಗಿ ಕಟ್ಟಬೇಕು. ಅಡಿಕೆ ಮರಕ್ಕೆ ಬಿಡಬೇಡಿ. ನಾಟಿದ ಬಾಣ ಬರುವುದಿಲ್ಲ, ಮರಕ್ಕೂ ಕೇಡು. ಗುರಿಯ ಹಿಂದೆ ಧರೆ ಇರಲಿ. ನಮ್ಮ ಮನೆಗಳ ಹಿಂದೆ ಗುಡ್ಡ ಕಡಿದ ಧರೆ ಇದ್ದೇ ಇರುತ್ತದೆ, ಬಿಲ್ಲಿನವರಿಗೆ ಮಲೆನಾಡು ಕೊಟ್ಟ ದೊಡ್ಡ ಅನುಕೂಲ ಅದು. ಬಯಲುಸೀಮೆಯವರು ಮಣ್ಣು ಹೇರಿಸಬೇಕು. ತೋಟದ ಕಡೆ ಮುಖ ಮಾಡಿ ಬಿಡುವುದು ಮಾತ್ರ ಯಾವತ್ತೂ ಬೇಡ. ಮರಗಳ ನಡುವೆ ಯಾರು ಹಾಳೆ ಹೆಕ್ಕುತ್ತಿದ್ದಾರೆ, ಅಡಿಕೆ ಕೊನೆ ಕೊಯ್ಯುವವರು ಯಾವ ಮರದ ಮೇಲಿದ್ದಾರೆ ಅಂತ ಗೊತ್ತಾಗುವುದಿಲ್ಲ. ದೂರ ಹತ್ತು ಗಜ ಸಾಕು. ಅಲ್ಲಿ ಬಾಣಗಳು ಒಂದರ ಪಕ್ಕ ಒಂದು ನಾಟುವ ತನಕ ಹಿಂದೆ ಸರಿಯಬೇಡಿ.

ಮುಗಿದ ಮೇಲೆ ಹೆದೆ ಇಳಿಸಿ ಬಿಲ್ಲನ್ನು ಮಲಗಿಸಿಡಿ, ಇಲ್ಲವೇ ಗೂಟಕ್ಕೆ ತೂಗುಹಾಕಿ. ಒಂದು ತುದಿಯ ಮೇಲೆ ಗೋಡೆಗೆ ಒರಗಿಸಬೇಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಅಂತ ಅಕ್ಕ ಅಲ್ಲಿಡಲು ಹೇಳಿದ್ದಾಳೆ. ಅಡಿಕೆಗೆ, ಹಪ್ಪಳಕ್ಕೆ ಅದು ಸರಿ. ಲಿಂಬ್ ಪದರ ಪದರವಾಗಿ ಅಂಟಿಸಿದ್ದು, ಬಿಸಿಗೆ ಅಂಟು ಬಿಡುತ್ತದೆ. ಕಾರಿನೊಳಗೆ ಬಿಸಿಲಿಗೆ ಬಿಟ್ಟರೂ ಅದೇ ಗತಿ. ಒಳಕೋಣೆಯ ಗೋಡೆಗೆ ಎರಡು ಗೂಟ ಹೊಡೆಸು ಅಂದಿದ್ದೇನೆ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ. ಬಾಣ ಆಯ್ದು ಕೊಡಲು ಬರುವ ಪಕ್ಕದ ಮನೆ ಹುಡುಗರು ಮೊದಲು ಮಾಡುವ ಕೆಲಸವೇ ಖಾಲಿ ಹೆದೆ ಎಳೆದು ಬಿಡುವುದು. ಅವರಿಗೆ 15 ಪೌಂಡಿನ ಸಣ್ಣ ಬಿಲ್ಲೊಂದು ಬೇರೆ ತರಿಸಿದರೆ ಇದು ಉಳಿಯುತ್ತದೆ. ಅದಕ್ಕೆ ಯಾವ ಬಾಣ ಅಂತ ಕೇಳಿ ನಿನ್ನೆ ರಾತ್ರಿ ಮತ್ತೆ ವಾಟ್ಸಾಪ್ ಬಂದಿದೆ.